ಒಂದು ಎಸೆತದ ಕ್ರೀಡಾಂಗಣ

ನಮ್ಮ ಪ್ರಾದೇಶಿಕ ಕ್ರಿಕೆಟ್ ಕ್ರೀಡಾಂಗಣದ ಪಿಚ್ಚು ಇಪ್ಪತ್ತೆರಡು ವರ್ಷಗಳಿಂದ ಅತ್ಯುತ್ತಮ ಸ್ಥಿತಿಯಲ್ಲಿದ್ದು, ಅದರ ಮೇಲೆ ಈವರೆಗೆ ಯಾರೂ ಕ್ರಿಕೆಟ್ ಆಡದಿರುವುದೇ ಇದಕ್ಕೆ ಕಾರಣವೆಂದು ತಿಳಿಸಲು ಕಚೇರಿಯ ಗುಮಾಸ್ತನಾದ ನನಗೆ ಹೆಮ್ಮೆಯಾಗುತ್ತದೆ.

ಹಾಗಂತ ಕ್ರೀಡಾಂಗಣ ಪಾಳುಬಿದ್ದಿದೆ ಅಂದುಕೊಳ್ಳಬೇಡಿ. ಊರಿನವರಿಗೆ ಅದೆಂದರೆ ಪ್ರಾಣ. ಭಾನುವಾರ ಸಂಸಾರ ಸಮೇತ ಬಂದು ಗ್ಯಾಲರಿಯಲ್ಲಿ ಕೂತು ಹುಲ್ಲು ನೋಡುತ್ತಾರೆ. ಚಪ್ಪಾಳೆಗೂ ಅವಕಾಶವಿದೆ, ಮೆಲ್ಲಗೆ ತಟ್ಟಬೇಕು ಅಷ್ಟೆ. ಆಡಲೇಬೇಕು ಎನ್ನುವ ಹಟಮಾರಿಗಳಿಗಾಗಿ ಹದಿನಾಲ್ಕನೇ ನಿಯಮವಿದೆ: ‘ಪಿಚ್ಚಿನ ಮೇಲೆ ಆಡಬಯಸುವವರು ತಮ್ಮಿಂದ ಪಿಚ್ಚಿಗೆ ಹಾನಿಯಾಗದೆಂಬ ಪ್ರಮಾಣಪತ್ರವನ್ನು ಹಾಜರುಪಡಿಸತಕ್ಕದ್ದು. ಸದರಿ ಪ್ರಮಾಣಪತ್ರವನ್ನು ಈ ಪಿಚ್ಚಿನ ಮೇಲೆ ಆಡಿ ತೋರಿಸಿದವರಿಗೆ ಮಾತ್ರ ನೀಡತಕ್ಕದ್ದು.’ ಈ ನಿಯಮದಿಂದ ಯಾರಿಗೂ ಅನ್ಯಾಯವಾಗಿಲ್ಲ, ಏಕೆಂದರೆ ಯಾರಿಗೂ ಪ್ರಮಾಣಪತ್ರ ಸಿಕ್ಕಿಲ್ಲ.

ತೊಂದರೆ ಶುರುವಾದದ್ದು ನಮ್ಮ ಮಾಲಿಯಿಂದ. ಪಿಚ್ಚನ್ನು ಮೊದಲ ದಿನದಿಂದ ಸಾಕಿದವನು ಅವನೇ. ರೋಲರ್ ಎಳೆದು ಎಳೆದು ಅವನ ಸೊಂಟವೂ ಚಪ್ಪಟೆಯಾಗಿದೆ. ನಿವೃತ್ತಿಗೆ ಒಂದು ತಿಂಗಳಿದೆ ಎನ್ನುವಾಗ ಕ್ರೀಡಾಂಗಣದ ಕಾರ್ಯದರ್ಶಿಗಳ ಮೇಜಿನ ಮುಂದೆ ಬಂದು ನಿಂತ.

“ಸಾರ್, ನನ್ನ ಮಗಳು ಊರಿನ ಮಹಿಳಾ ತಂಡದಲ್ಲಿ ಸ್ಪಿನ್ ಹಾಕ್ತಾಳೆ. ನಾನು ಮನೆಗೆ ಹೋಗೋದ್ರೊಳಗೆ ನನ್ನ ಪಿಚ್ಚಿನ ಮೇಲೆ ಅವಳ ಕೈಯಿಂದ ಒಂದೇ ಒಂದು ಬಾಲ್ ಬೀಳೋದು ನೋಡ್ಬೇಕು. ಇನ್ನೇನೂ ಬೇಡ.”

“ಅಲ್ಲಯ್ಯ, ಬಾಲ್ ಬಿದ್ರೆ ಪಿಚ್ ಏನಾಗ್ಬೇಕು?” ಎಂದರು ಕಾರ್ಯದರ್ಶಿಗಳು. ಅವರು ನಿಜಕ್ಕೂ ನೊಂದುಕೊಂಡಿದ್ದರು.

“ಅದನ್ನೇ ನೋಡ್ಬೇಕು ಸಾರ್. ಬಾಲ್ ಎದ್ದು ಬರತ್ತೋ, ಕೂತು ಹೋಗತ್ತೋ, ಇಷ್ಟು ವರ್ಷ ಆದ್ರೂ ನಂಗೇ ಗೊತ್ತಿಲ್ಲ.”

ಕಾರ್ಯದರ್ಶಿಗಳ ಮನಸ್ಸು ಕರಗಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಆದೇಶ ಹೊರಡಿಸಿದರು. ಮಹಿಳೆಯರ ಪಂದ್ಯ ಗ್ಯಾಲರಿಯ ಹಿಂದಿರುವ ವಾಹನ ನಿಲುಗಡೆ ಜಾಗದಲ್ಲಿ ನಡೆಯತಕ್ಕದ್ದು. ಪ್ರೇಕ್ಷಕರು ಎಂದಿನಂತೆ ಒಳಗೆ ಹುಲ್ಲಿನ ಕಡೆ ಮುಖ ಮಾಡಿ ಕೂರತಕ್ಕದ್ದು. ಗ್ಯಾಲರಿಯ ತುತ್ತತುದಿಯಲ್ಲಿ ಗುಮಾಸ್ತನು ಮೈಕ್ ಹಿಡಿದು, ಹಿಂದೆ ತಿರುಗಿ ನೋಡಿ, ಮುಂದೆ ತಿರುಗಿ ಹೇಳತಕ್ಕದ್ದು.

ಪಂದ್ಯದ ದಿನ ಜನವೋ ಜನ. ನಾನು “ಫೋರ್!” ಎಂದರೆ ಎಲ್ಲರೂ ಖಾಲಿ ಹುಲ್ಲನ್ನು ನೋಡಿ ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು. ಕತ್ತು ತಿರುಗಿಸಿ ತಿರುಗಿಸಿ ನನಗೆ ಇವತ್ತಿಗೂ ಬಲಗಡೆಗೆ ನೋಡಲಾಗುವುದಿಲ್ಲ. ಮಾಲಿ ಮಾತ್ರ ಪಿಚ್ಚಿನ ಪಕ್ಕ ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದ.

ಮಗಳು ಬೌಲಿಂಗಿಗೆ ಬಂದಳು. ಎದುರು ತಂಡದ ನಾಯಕಿ ಬಸ್ ಕಂಡಕ್ಟರ್. ತೋಳಿನಲ್ಲಿ ಶಕ್ತಿಯಿದ್ದ ಹೆಂಗಸು. ಎರಡು ಹೆಜ್ಜೆ ಮುಂದೆ ಬಂದು ಬೀಸಿದಳು ನೋಡಿ, ಚೆಂಡು ಗ್ಯಾಲರಿಯ ತಗಡಿಗೆ ಬಡಿದು, ನನ್ನ ತಲೆಯ ಮೇಲೆ ಎಗರಿ, ನೇರವಾಗಿ ಹೋಗಿ ಪಿಚ್ಚಿನ ನಟ್ಟನಡುವೆ ಬಿತ್ತು. ಬಿದ್ದದ್ದೇ ಸೊಂಟದೆತ್ತರಕ್ಕೆ ಎದ್ದಿತು.

ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ಮಾಲಿ ಒಬ್ಬನೇ ಕುಣಿದಾಡುತ್ತಿದ್ದ. “ಎದ್ದು ಬಂತು! ನೋಡಿದ್ರಾ? ನನ್ನ ಪಿಚ್ ಎದ್ದು ಬಂತು!”

ಮಗಳು ಓಡಿಬಂದು ಗೇಟಿನ ಸರಳು ಹಿಡಿದು ಕೂಗಿದಳು: “ಅಪ್ಪಾ! ನನ್ನ ಬಾಲಿಗೆ ಸಿಕ್ಸ್ ಹೊಡೆದ್ರೆ ನೀನು ಕುಣೀತೀಯಾ?”

“ಸುಮ್ನಿರೇ, ನಿಂಗೇನು ಗೊತ್ತು!” ಎಂದವನ ಕಣ್ಣಲ್ಲಿ ನೀರು. ಅವನನ್ನು ನೋಡುತ್ತಾ ನನಗೆ ಸಿಕ್ಸ್ ಎಂದು ಹೇಳುವುದೇ ಮರೆತುಹೋಯಿತು. ಈ ಲೋಪಕ್ಕೆ ಆಮೇಲೆ ವಿವರಣೆ ಕೊಟ್ಟಿದ್ದೇನೆ.

ಪಿಚ್ಚಿನ ಮೇಲೆ ಹೆಬ್ಬೆರಳು ಊರಿದಷ್ಟು ಒಂದು ತಗ್ಗು ಬಿದ್ದಿತ್ತು. ಕಾರ್ಯದರ್ಶಿಗಳು ಮೊದಲು ಕೆಂಡವಾದರು. ಆಮೇಲೆ ವಾರ್ಷಿಕ ವರದಿಯ ನೆನಪಾಗಿ ತಣ್ಣಗಾದರು. ‘ಈ ಸಾಲಿನಲ್ಲಿ ಪಿಚ್ಚಿನ ಮೇಲೆ ಬಿದ್ದ ಎಸೆತಗಳು: ಒಂದು. ಹಿಂದಿನ ಸಾಲಿನಲ್ಲಿ ಶೂನ್ಯವಿದ್ದ ಕಾರಣ ಪ್ರಗತಿಯನ್ನು ಲೆಕ್ಕ ಹಾಕಲು ಸಾಧ್ಯವಾಗಿಲ್ಲ.’ ತಗ್ಗಿನ ಸುತ್ತ ಹಗ್ಗ ಕಟ್ಟಿಸಿದರು. ಪಕ್ಕದಲ್ಲಿ ಫಲಕ ನೆಡಿಸಿದರು. ಶಾಲೆಯವರು ಸಾಲು ಸಾಲಾಗಿ ಬಂದು ತಗ್ಗನ್ನು ನೋಡಿಕೊಂಡು ಹೋದರು.

ಮಾಲಿಯ ಕೊನೆಯ ದಿನ ಮಗಳು ಅರ್ಜಿ ತಂದಳು. ಈ ಪಿಚ್ಚಿನ ಮೇಲೆ, ಅಪ್ಪನ ಕಣ್ಣೆದುರು, ಒಂದು ಓವರ್ ಹಾಕಲು ಅನುಮತಿ ಬೇಕು. ನೇರ ಪಿಚ್ಚಿನ ಮೇಲೆ. ತಗಡಿಗೆ ಬಡಿದು ಬರುವುದಲ್ಲ. ಎಲ್ಲಿ ಅಡ್ಡಗಾಲು ಹಾಕುತ್ತಾರೋ ಎಂದು ನಾನು ಕಾದೆ. ಆದರೆ ಕಾರ್ಯದರ್ಶಿಗಳು, ಎಂಥ ಹೊತ್ತಿನಲ್ಲಿದ್ದರೋ, ನನ್ನ ಕಣ್ಣನ್ನೇ ನಾನು ನಂಬದಂತೆ ಬರೆದರು: ‘ಹದಿನಾಲ್ಕನೇ ನಿಯಮ ಸಡಿಲಿಸಿದೆ. ಮಾಲಿಯ ಅಭಿಪ್ರಾಯ ಪಡೆದು ಮುಂದುವರಿಯುವುದು.’

ಮಗಳು ಆಗಲೇ ಬೂಟಿನ ದಾರ ಕಟ್ಟುತ್ತಿದ್ದಳು. ನಾನೇ ಓಡಿಹೋಗಿ ಕಡತವನ್ನು ಮಾಲಿಯ ಕೈಗಿಟ್ಟೆ. ಅವನು ಎರಡು ಸಲ ಓದಿದ. ಮಗಳನ್ನು ನೋಡಿದ. ಹಗ್ಗದೊಳಗಿನ ತಗ್ಗನ್ನು ನೋಡಿದ.

“ಆರು ಬಾಲಾ?” ಎಂದ. “ಅಮ್ಮಾ, ಅದರಲ್ಲೊಂದು ಇದರ ಮೇಲೆ ಬಿದ್ರೆ?”

ಮಗಳು ಕಟ್ಟಿದ್ದ ದಾರ ಸಡಿಲಿಸಿದಳು. ಆಮೇಲೆ ಬೂಟು ಬಿಚ್ಚಿದಳು.

‘ಬೇಡ’ ಎಂದು ಬರೆದು ಮಾಲಿ ಸಹಿ ಹಾಕಿದ. ಹೊಸ ಮಾಲಿಗೆ ರೋಲರಿನ ಹಿಡಿ ಒಪ್ಪಿಸುತ್ತಾ, “ಜೋಪಾನ ಕಣಪ್ಪಾ. ಒಂದು ಬಿದ್ದಿದೆ, ಸಾಕು. ಇನ್ನೊಂದು ಬೀಳದ ಹಾಗೆ ನೋಡ್ಕೋ,” ಎಂದ. ಹೊಸ ಮಾಲಿ ತಲೆಯಾಡಿಸಿದ. ಗ್ಯಾಲರಿಯಲ್ಲಿದ್ದವರು ಮೆಲ್ಲಗೆ ಚಪ್ಪಾಳೆ ತಟ್ಟಿದರು.

ಮಗಳು ಚೆಂಡನ್ನು ಚೀಲಕ್ಕೆ ಹಾಕಿಕೊಂಡು ಗೇಟಿಗೆ ಬಂದಳು. ಹೊರಗೆ ಹೋಗುವವರ ಪುಸ್ತಕದಲ್ಲಿ ‘ಬಂದ ಕೆಲಸ’ ಎಂಬ ಕಾಲಮಿನಲ್ಲಿ ಏನು ಬರೆಯಲಿ ಅಂಕಲ್ ಎಂದು ಕೇಳಿದಳು. ಎಲ್ಲರೂ ಬರೆಯುವುದನ್ನೇ ಬರೆಯಮ್ಮ ಎಂದೆ. ‘ಹುಲ್ಲು ನೋಡಲು’ ಎಂದು ಬರೆದಳು.