ಬೇರು ಸಮೇತ ಬೇಕಾಗಿದ್ದ ಅಣಬೆ

ಅಣಬೆ ಹುಡುಕಲು ಹೊರಟವರಿಗೆ ನಮ್ಮ ಕಡೆ ಅಣಬೆಗಿಂತ ಮೊದಲು ಒಂದು ನಂಬಿಕೆ ಸಿಗುತ್ತದೆ. ಅದರ ಬೆನ್ನಿಗೇ ಒಂದು ಫಜೀತಿಯೂ ಸಿಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗೋಕಾಕದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ಸುತ್ತಲಿನ ಕುರುಚಲು ಕಾಡು ಹಾಗೂ ಹೊಲದ ಬದುಗಳ ಅಣಬೆಗಳನ್ನು ಕುರಿತು ಎಂ.ಫಿಲ್. ಪ್ರಬಂಧ ಬರೆಯುತ್ತಿದ್ದೆ. ಸೆಗಣಿಯ ಮೇಲಿನವು, ಕೊಳೆತ ಕಟ್ಟಿಗೆಯ ಮೇಲಿನವು, ಎಲೆಗೊಬ್ಬರದ ನಡುವಿನವು, ಎಲ್ಲವೂ ಸಿಕ್ಕಿದ್ದವು. ಸಿಗದೆ ಉಳಿದದ್ದು ಒಂದೇ: ಗೆದ್ದಲಿನ ಹುತ್ತದ ಅಣಬೆ, ಅದೂ ಇಡಿಯಾಗಿ. ಅದರ ಕಾಂಡ ಬೇರಿನಂತೆ ಮಣ್ಣಿನೊಳಗೆ ಮೊಳದುದ್ದ ಇಳಿದು ಗೆದ್ದಲಿನ ಗೂಡನ್ನು ಮುಟ್ಟಿರುತ್ತದೆ. "ಗೂಡಿನ ತುಣುಕು ಅಂಟಿಕೊಂಡಿರುವ ಮಾದರಿ ತಂದರೆ ಆ ಅಧ್ಯಾಯ ಉಳಿಯುತ್ತದೆ. ಇಲ್ಲವಾದರೆ ಕೈಬಿಡಿ," ಎಂದು ನನ್ನ ಮಾರ್ಗದರ್ಶಕರು ಖಚಿತವಾಗಿ ಹೇಳಿದ್ದರು. ಹುತ್ತದ ಅಣಬೆ ಏಳುವುದೋ ಮಳೆಗಾಲದ ಕೆಲವೇ ದಿನಗಳು.

ಬೆರಳು ಮತ್ತು ಮೊಣಕೈ

ಕುಲಗೋಡದ ಕುರಿ ಕಾಯುವ ಅಜ್ಜಿಯೊಬ್ಬರು ನನ್ನನ್ನು ಒಂದು ಬದುವಿಗೆ ಕರೆದೊಯ್ದರು. ಹುತ್ತದ ಮಗ್ಗುಲಲ್ಲಿ ಆರು ಅಣಬೆಗಳು ಆಗತಾನೇ ತಲೆಯೆತ್ತಿದ್ದವು! ಸಂಭ್ರಮದಿಂದ ಬೆರಳು ಚಾಚಿದೆ. ಅಜ್ಜಿ ಫಟ್ಟನೆ ಕೈಮೇಲೆ ಹೊಡೆದರು.

"ಬಟ್ಟ ಮಾಡಿ ತೋರಸಬ್ಯಾಡ ಯವ್ವಾ! ಬಾಡಿ ಹೊಕ್ಕಾವು. ಮೊಣಕೈಲೆ ತೋರಸು."

ನಾನು ವಾದಿಸಲಿಲ್ಲ, ಪ್ರಯೋಗಕ್ಕೆ ಇಳಿದೆ. ಮೂರಕ್ಕೆ ಬೆರಳು ತೋರಿಸಿದೆ, ಮೂರಕ್ಕೆ ಮೊಣಕೈ. ಆರಕ್ಕೂ ಸಂಖ್ಯೆ ಬರೆದ ಚೀಟಿ ಕಟ್ಟಿದೆ. ಅರಳಿದ ಮೇಲೆ ಅಗೆಯೋಣವೆಂದು ಮರುದಿನ ಮೊದಲ ಬಸ್ಸಿಗೇ ಹೋದರೆ ಒಂದೂ ಇಲ್ಲ.

"ಅಜ್ಜಿ, ಎಲ್ಲಿ ಹೋದೂ?"

"ಬಟ್ಟ ತೋರಸಿದ್ದು ಹೆಂಗೂ ಕೆಡತಾವಂತ ನಿನ್ನೆ ಸಂಜಿಕನ ಸಾರ ಮಾಡಿದ್ನಿ."

"ಮೊಣಕೈ ತೋರಸಿದ್ದು?"

"ಅವು ಕೆಟ್ಟಿರಲಿಲ್ಲ ನೋಡು. ಅದಕ್ಕ ಇವತ್ತ ಮುಂಜಾನಿ ಮಾಡಿದ್ನಿ." ಸೆರಗಿನ ಗಂಟು ಬಿಚ್ಚಿ ಆರೂ ಚೀಟಿಗಳನ್ನು ಜೋಪಾನವಾಗಿ ನನ್ನ ಕೈಗಿಟ್ಟರು. "ತಗೋ, ಇವನ್ನ ಕುದಿಸಿಲ್ಲ."

ಮುಟ್ಟಬೇಡಿ

ಕೊಣ್ಣೂರದ ಹತ್ತಿರ ಒಂದು ಸಿಕ್ಕಿತಾದರೂ ಅಗೆಯುವಾಗ ಬೇರು ಮುರಿಯಿತು. ಕೊಡೆಯಾದರೂ ಉಪಯೋಗವಾಗಲೆಂದು ಅದನ್ನು ಪ್ರಯೋಗಾಲಯದಲ್ಲಿ ಬಿಳಿ ಹಾಳೆಯ ಮೇಲೆ ಬೋರಲಾಗಿಟ್ಟು ಬಂದೆ. ಹಾಗಿಟ್ಟರೆ ಬೀಜಕಣಗಳು ಹುಡಿಯಾಗಿ ಉದುರಿ, ಹಾಳೆಯ ಮೇಲೆ ತಿಳಿಗುಲಾಬಿ ಗೆರೆಗಳ ಚಕ್ರವೇ ಮೂಡುತ್ತದೆ. ಪಕ್ಕದಲ್ಲಿ "ಮುಟ್ಟಬೇಡಿ" ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿಟ್ಟಿದ್ದೆ. ಬೆಳಿಗ್ಗೆ ಓಡೋಡಿ ಬಂದು ಕೊಡೆ ಎತ್ತಿದರೆ ಹಾಳೆ ಶುಭ್ರ.

ಪ್ರಯೋಗಾಲಯದ ಸಿಪಾಯಿಯನ್ನು ಕರೆದೆ. "ಇದನ್ನ ಯಾರು ಮುಟ್ಟಿದ್ರು?"

"ಯಾರೂ ಮುಟ್ಟಿಲ್ಲರಿ ಮೇಡಮ್ಮಾರ. ಅದರ ಬುಡಕ ಹಾಳಿ ಮ್ಯಾಲ ಧೂಳ ಬಿದ್ದಿತ್ತು, ನಾನೂ ಕೈ ಹಚ್ಚಲಾರದ ಅರಿವಿಲೇನ ಒರಸೇನ್ರಿ!"

ಬೆಳ್ಳಿಯ ಪರೀಕ್ಷೆ

ಗುರುತು ಹಚ್ಚಲೆಂದು ಬುಟ್ಟಿ ತುಂಬ ಬೇರೆ ಜಾತಿಯ ಅಣಬೆಗಳನ್ನು ತೊಡೆಯ ಮೇಲಿಟ್ಟುಕೊಂಡು ಹುಕ್ಕೇರಿ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಬುಟ್ಟಿಗೆ ಇಣುಕಿ, "ಬೆಳ್ಳಿ ಉಂಗುರ ಹಾಕಿ ಕುದಸ್ರಿ ಬಾಯಾರ. ಕರ್ರಗಾತಂದ್ರ ವಿಷ," ಎಂದರು.

ಬೆಳ್ಳಿ ಕೋಳಿಮೊಟ್ಟೆಗೂ ಕಪ್ಪಾಗುತ್ತದೆ, ಕೊಲ್ಲುವ ಅಣಬೆಗೂ ಕಪ್ಪಾಗದೆ ಉಳಿಯಬಹುದು, ಅದನ್ನು ನಂಬಿ ಯಾರೂ ತಿನ್ನಬಾರದು ಎಂದು ವಿವರಿಸಿದೆ. ಅವರಿಗೆ ಸಿಟ್ಟೇ ಬಂತು.

"ಖರೆ ಐತ್ರಿ! ನಮ್ಮವ್ವ ಯಾವಾಗ್ಲೂ ಉಂಗುರ ಹಾಕಾಕಿ. ಒಮ್ಮಿ ಕರ್ರಗ ಕಾಡಿಗಿ ಆಗಿತ್ತು."

ನಾನು ಗಾಬರಿಯಿಂದ ಅವರತ್ತ ತಿರುಗಿದೆ. "ಆಮ್ಯಾಲ?"

"ಆಮ್ಯಾಲೇನ್ರಿ, ಹುಣಸಿಹಣ್ಣ ಹಚ್ಚಿ ತಿಕ್ಕಿದ್ಲು, ಬೆಳ್ಳಗಾತು. ಸಾರ ಮಾತ್ರ ಅಗದೀ ಚಲೋ ಆಗಿತ್ತ ನೋಡ್ರಿ!"

ಕಾಕಾನ ಷರತ್ತು

ಮಳೆ ಹಿಂದೆ ಸರಿಯುತ್ತಿತ್ತು. ನನ್ನ ಅಧ್ಯಾಯವೂ ಅದರೊಂದಿಗೆ ಹೊರಟಂತೆಯೇ ಕಂಡಿತು. ಆಗ ಬೆಲ್ಲದ ಬಾಗೇವಾಡಿಯ ಜೈನ ರೈತರೊಬ್ಬರ ಕಬ್ಬಿನ ಬದುವಿನಲ್ಲಿ ಅಣಬೆಗಳೆದ್ದಿವೆ ಎಂದು ತಿಳಿಯಿತು. ಓಡಿದೆ. ಒಂದಲ್ಲ, ಎರಡಲ್ಲ, ಬೆಳ್ಳನೆಯ ಛತ್ರಿಗಳ ಒಂದು ಸಂತೆ! ಗುದ್ದಲಿ ಎತ್ತಿದ್ದೇ ತಡ, ಹೊಲದ ಯಜಮಾನರಾದ ಕಾಕಾ ಅಡ್ಡ ನಿಂತರು.

"ಅಣಬಿ ಬೇಕಾದಷ್ಟ ಕಿತಗೋರಿ ಬಾಯಾರ. ನಾವಂತೂ ತಿನ್ನಂಗಿಲ್ಲ. ಆದ್ರ ಹುತ್ತಾ ಅಗಿಯೂದು ನಡ್ಯಾಂಗಿಲ್ಲ. ಒಳಗ ಎಷ್ಟ ಜೀವ ಅದಾವು!"

ಪ್ರಬಂಧ, ಮಾರ್ಗದರ್ಶಕರು, ಎರಡು ವರ್ಷದ ಅಲೆದಾಟ, ಎಲ್ಲವನ್ನೂ ಹೇಳಿಕೊಂಡೆ. ಕಾಕಾ ಜಗ್ಗಲಿಲ್ಲ. ಕೊನೆಗೆ, "ಕಾಕಾ, ಈ ಅಣಬಿ ತಾನಾಗೇ ಹುಟ್ಟಿದ್ದಲ್ರಿ. ಒಳಗ ಒರಲಿ ಹುಳ ಇದನ್ನ ಬೆಳಿತಾವು. ಎಲಿ ತಂದು ಗೊಬ್ಬರ ಮಾಡ್ತಾವು, ಕಳಿ ತಗಿತಾವು, ಬೆಳದದ್ದನ್ನ ತಿಂತಾವು. ಕೆಳಗೊಂದು ತ್ವಾಟಾನ ಐತಿ," ಎಂದೆ.

ಕಾಕಾನ ಹುಬ್ಬು ಮೇಲೇರಿತು. "ಒಕ್ಕಲತನಾ ಮಾಡ್ತಾವು? ನನ್ನ ಹೊಲದಾಗ? ತಡೀರಿ, ನೋಡೂನು."

ಆದರೆ ಷರತ್ತುಗಳಿದ್ದವು. ಗುದ್ದಲಿ ಕೂಡದು, ಚಮಚವೇ ಆಗಬೇಕು. ಒಂದು ಹುಳವೂ ಸಾಯಬಾರದು. ಮನೆಯಿಂದ ಚಮಚ ತಂದುಕೊಟ್ಟ ಕಾಕಾನ ಹೆಂಡತಿ, "ಇದನ್ನ ಹೊಳ್ಳಿ ನನ್ನ ಅಡಗಿಮನಿಗೆ ತರಬ್ಯಾಡ್ರಿ," ಎಂದು ಹೇಳಿಯೇ ಹೋದರು. ನಾನು ಮಣ್ಣು ಕೆರೆಯುವುದು, ಕಾಕಾ ಮೆತ್ತನೆಯ ಕುಂಚದಿಂದ ಪ್ರತಿಯೊಂದು ಹುಳವನ್ನೂ ಬದಿಗೆ ಸರಿಸಿ ಒಳಗೆ ಕಳಿಸುವುದು. ಬೆಳಿಗ್ಗೆ ಕೂತವರು ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೊಳದಾಳ ತಲುಪಿದ್ದೆವು. ಅಲ್ಲಿತ್ತು! ಕಂದು ಬಣ್ಣದ, ಸ್ಪಂಜಿನಂಥ ಗೂಡು. ಅದರ ಮೈತುಂಬ ಸಾಸಿವೆಯಷ್ಟು ಬಿಳಿ ಮಣಿಗಳು. ಅದರಿಂದಲೇ ಹೊರಟ ಉದ್ದನೆಯ ಬೇರು. ಕಾಕಾ ಹುಳಗಳನ್ನೆಲ್ಲ ಕುಂಚದಿಂದ ಕೆಳಗಿಳಿಸಿ, ಅಂಗೈಯಗಲದ ತುಣುಕನ್ನು ಬೇರು ಸಮೇತ ತಾವೇ ಬಿಡಿಸಿ ನನ್ನ ಕೈಗಿಟ್ಟರು. ನಾನು ಅದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗಿಳಿಸತೊಡಗಿದೆ.

ಕಾಕಾ ಮಾತ್ರ ಗುಂಡಿಗೆ ಬಾಗಿ, ಉಳಿದ ತೋಟವನ್ನೇ ದಿಟ್ಟಿಸುತ್ತಿದ್ದರು.

"ಭಾಳ ಶಾಣ್ಯಾ ಅದಾವ್ರಿ ಇವು," ಎಂದರು ಕೊನೆಗೆ.

"ಹೌದ್ರಿ ಕಾಕಾ. ಕೋಟಿಗಟ್ಟಲೆ ವರ್ಷದ ಅನುಭವ."

"ಅದಲ್ರಿ ಬಾಯಾರ. ಊರಾಗ ಇಷ್ಟ ಮಂದಿ ಹೊಲ ಬಿಟ್ಟು ಬರೋಬ್ಬರಿ ಜೈನರ ಹೊಲಾನ ಹುಡಕ್ಯಾವು. ಬೆಳಿ ಎಷ್ಟ ಬಂದ್ರೂ ಮಾಲಕ ಪಾಲ ಕೇಳಂಗಿಲ್ಲಂತ ಗೊತ್ತೈತಿ ನೋಡ್ರಿ ಇವಕ್ಕ!"