ಹೂಂ ಅಂದಿದ್ದಕ್ಕೆ ಬೇಸ್‌ಬಾಲು

ಕನ್ನಡದಲ್ಲಿ ಅತ್ಯಂತ ಅಪಾಯದ ಮಾತು ಯಾವುದು ಎಂದು ಕೇಳಿದರೆ ನಾನು 'ಹೂಂ' ಎನ್ನುತ್ತೇನೆ. ಬೈಗುಳಕ್ಕಾದರೂ ಒಂದು ನೇರವಾದ ಅರ್ಥವಿದೆ, ಬೈದವರಿಗೂ ಬೈಸಿಕೊಂಡವರಿಗೂ ಅದು ಗೊತ್ತಿರುತ್ತದೆ. ಹೂಂ ಹಾಗಲ್ಲ. ಕೇಳುತ್ತಿದ್ದೇನೆ ಎಂದೂ ಆಗಬಹುದು, ಒಪ್ಪಿದೆ ಎಂದೂ ಆಗಬಹುದು, ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಯೋಚಿಸುತ್ತಿದ್ದೇನೆ, ನೀನು ಮಾತಾಡುತ್ತಿರು ಎಂದೂ ಆಗಬಹುದು. ಚಿಕ್ಕಂದಿನಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ಹೂಂಗುಟ್ಟದಿದ್ದರೆ ಕಥೆಯನ್ನೇ ನಿಲ್ಲಿಸಿಬಿಡುತ್ತಿದ್ದಳು. ಹಾಗಾಗಿ ನಿದ್ದೆಯಲ್ಲೂ ಹೂಂ ಅನ್ನುವುದನ್ನು ಕಲಿತೆ. ನಾಲ್ಕನೇ ಕ್ಲಾಸಿನವರೆಗೆ ಶಾಲೆಯಲ್ಲಿ ಕಲಿತದ್ದೆಲ್ಲ ಮರೆತುಹೋಯಿತು. ಇದೊಂದು ವಿದ್ಯೆ ಉಳಿಯಿತು.

ಈ ವಿದ್ಯೆಯನ್ನು ನಾನು ಪ್ರಯೋಗಿಸಿದ್ದು ಬೇರೆ ಯಾರ ಮೇಲೂ ಅಲ್ಲ, ಒಡಹುಟ್ಟಿದ ತಮ್ಮನ ಮೇಲೆ. ಐವತ್ತರ ದಶಕ ಮುಗಿದು ಅರವತ್ತು ಕಣ್ಣುಬಿಡುತ್ತಿದ್ದ ಕಾಲ. ನಾವಿದ್ದದ್ದು ಮದರಾಸಿನ ಮೈಲಾಪೂರಿನಲ್ಲಿ, ದೇವಸ್ಥಾನದ ಕೊಳದ ಹಿಂದಿನ ಬೀದಿಯಲ್ಲಿ. ತಮ್ಮ ವಾಸು ನಮ್ಮ ಜೊತೆಗೇ ಇದ್ದುಕೊಂಡು ಬಂದರಿನ ಹತ್ತಿರ ಒಂದು ಹಡಗಿನ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದ. ಅಲ್ಲಿಯ ದೊರೆ ಅಮೆರಿಕದವನು. ಆ ದೊರೆಗೆ ತನ್ನ ದೇಶದ ಬೇಸ್‌ಬಾಲ್ ಎಂದರೆ ಪ್ರಾಣ. ಅವನು ಓದಿ ಬಿಟ್ಟ ಹಳೆಯ ಪತ್ರಿಕೆಗಳು ನಮ್ಮ ವಾಸುವಿಗೆ ಪ್ರಸಾದ. ಆ ಆಟವನ್ನು ಒಮ್ಮೆಯೂ ಕಣ್ಣಿಂದ ನೋಡದೆ ಅವನು ಅದರ ಪರಮಭಕ್ತನಾಗಿಬಿಟ್ಟ. ದೇವರನ್ನು ನೋಡಿದವರು ಯಾರಿದ್ದಾರೆ, ಬಿಡಿ.

ತನ್ನನ್ನು ಓದಿಸುವುದಕ್ಕಾಗಿ ಅಕ್ಕನ ಓದು ನಿಲ್ಲಿಸಿದರು ಎಂಬ ಕೊರಗು ವಾಸುವಿಗೆ. ನಿಜ ಹೇಳಬೇಕೆಂದರೆ ನನ್ನ ಓದನ್ನು ನಿಲ್ಲಿಸಿದ್ದು ಭಾಗಾಕಾರ. ಆದರೆ ಆ ಗುಟ್ಟನ್ನು ನಾನು ಬಿಟ್ಟುಕೊಡಲಿಲ್ಲ. ಆ ಕೊರಗಿನಿಂದಲೇ ಅವನು ದಿನಾ ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನನಗೆ ಲೋಕಜ್ಞಾನ ಹೇಳುತ್ತಿದ್ದ. ನಾನು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದೆ.

"ಅಕ್ಕಾ, ಕೇಳ್ತಾ ಇದೀಯಾ?"

"ಹೂಂ."

"ಅಲ್ಲಿ ಪಿಚ್ಚರ್ ಸರಿಯಿಲ್ಲ ಅಂದ್ರೆ ಆಟದ ಮಧ್ಯದಲ್ಲೇ ಬದಲಾಯಿಸಿಬಿಡ್ತಾರೆ, ಗೊತ್ತಾ?"

"ಹೂಂ."

ಒಳಗಿನಿಂದ ನಮ್ಮ ಯಜಮಾನರು ಕೂಗುತ್ತಿದ್ದರು: "ಲೇ, ಪಾವಂ, ಪಾಪ ಕಣೇ ಅವನು, ಗಂಟಲು ಹರ್ಕೊಳ್ತಾನೆ. ಒಂದು ಪ್ರಶ್ನೆನಾದ್ರೂ ಕೇಳಬಾರ್ದಾ?"

"ಹೂಂ," ಎನ್ನುತ್ತಿದ್ದೆ ಅವರಿಗೂ.

ಹೀಗಿರುವಾಗ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗೆ ಒಂದು ಯೋಚನೆ ಬಂತು. ಸಂಘದ ಹಾಲಿನಲ್ಲಿ ಫ್ಯಾನ್ ಇರಲಿಲ್ಲ. ಹಡಗು ಕಂಪನಿಯ ದೊರೆಯನ್ನು ಕರೆಸಿ, ಅವನಿಗೆ ಪ್ರಿಯವಾದ ವಿಷಯದ ಮೇಲೆ ಭಾಷಣ ಇಟ್ಟು, ನಡುವೆ ಚೆನ್ನಾಗಿ ಬೆವರಿಸಿದರೆ ಫ್ಯಾನ್ ತಾನಾಗಿ ಬರುತ್ತದೆ ಎಂದು ಅವರ ಲೆಕ್ಕಾಚಾರ. 'ಕಳೆದ ದಶಕದಲ್ಲಿ ಅಮೆರಿಕದ ಬೇಸ್‌ಬಾಲ್ ಬದಲಾದ ಬಗೆ' ಎಂದು ವಿಷಯ ಗೊತ್ತಾಯಿತು. ಭಾಷಣಕಾರ ವಾಸು. ದೊರೆಯೇ ಎದುರು ಕೂತು ಕೇಳುತ್ತಾನೆಂದರೆ ಸಾಮಾನ್ಯವೇ? ವಾಸು ದಿನವೂ ಬೀಚಿಗೆ ಹೋಗಿ ಅಲೆಗಳಿಗೆ ಎದುರಾಗಿ ನಿಂತು ಅಭ್ಯಾಸ ಮಾಡಿದ. ಬಂಗಾಳ ಕೊಲ್ಲಿಯ ಜೊತೆ ಪೈಪೋಟಿಗೆ ಬಿದ್ದವರ ಗತಿ ಏನಾಗಬೇಕೋ ಅದೇ ಆಯಿತು. ಭಾಷಣದ ದಿನ ಬೆಳಿಗ್ಗೆ ಎದ್ದು "ಅಕ್ಕಾ" ಎಂದರೆ ಬರೀ ಗಾಳಿ ಬಂತು.

ಮೆಣಸಿನ ಕಷಾಯ, ಬಿಸಿ ಹಾಲು ಯಾವುದಕ್ಕೂ ಗಂಟಲು ಜಗ್ಗಲಿಲ್ಲ. ಸಂಜೆ ಸಂಘದ ಹಾಲಿನ ಪಕ್ಕದ ಕೋಣೆಯಲ್ಲಿ ಕಾರ್ಯದರ್ಶಿಗಳು ಕೈ ಹಿಸುಕಿಕೊಳ್ಳುತ್ತಿದ್ದರು. "ಐಯೋ ದೇವ್ರೇ, ದೊರೆ ಬಂದು ಕೂತಾಯ್ತು. ಸೀಕ್ರಂ, ಬೇಗ ಏನಾದ್ರೂ ಮಾಡ್ರಪ್ಪಾ!" ವಾಸು ಬರೆದಿಟ್ಟದ್ದೆಲ್ಲ ಇಂಗ್ಲಿಷ್ ಶಾರ್ಟ್‌ಹ್ಯಾಂಡಿನಲ್ಲಿತ್ತು, ಅವನ ಹೊರತು ಅಲ್ಲಿ ಯಾರಿಗೂ ಅದನ್ನು ಓದಲು ಬಾರದು. ಅವನು ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರು ತುಂಬಿತ್ತು. ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: "ಅಕ್ಕಾ, ನನ್ನ ಮಾನ ನಿನ್ನ ಕೈಲಿದೆ. ಎಲ್ಲಾ ನಿನಗೆ ಹೇಳಿದೀನಲ್ಲ. ನೀನೇ ಮಾತಾಡ್ತೀಯಾ?"

"ಹೂಂ," ಎಂದೆ.

ಅಭ್ಯಾಸಬಲ. ಬಾಯಿಂದ ಹೊರಬಿದ್ದ ಮೇಲೆ ಅರ್ಥವಾಯಿತು. ಅಷ್ಟರಲ್ಲಿ ಕಾರ್ಯದರ್ಶಿಗಳು ವೇದಿಕೆಯಲ್ಲಿ ನನ್ನ ಹೆಸರು ಕೂಗಿಯಾಗಿತ್ತು.

ನಿಂತುಕೊಂಡು ಸೆರಗು ಹೊದ್ದು ಕಣ್ಣು ಮುಚ್ಚಿದೆ. ಎಷ್ಟು ಹುಡುಕಿದರೂ ಮೊರ, ಅಕ್ಕಿ, ಕಲ್ಲು. ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಬೇಸ್‌ಬಾಲ್. ಇದ್ದಷ್ಟನ್ನೇ ಕನ್ನಡದಲ್ಲಿ ಹೇಳಿದೆ. ಅಲ್ಲಿ ಗಂಡಸರು ಸಂಬಳ ತೆಗೆದುಕೊಂಡು ಆಡುತ್ತಾರಂತೆ ಎಂದೆ. ನಮ್ಮ ಮನೆಗಳಲ್ಲಿ ಸಂಬಳವಿಲ್ಲದೆಯೇ ಆಡುತ್ತಾರೆ ಎಂದಾಗ ಹೆಂಗಸರ ಸಾಲು ನಕ್ಕಿತು, ಸ್ವಲ್ಪ ಧೈರ್ಯ ಬಂತು. ನ್ಯೂಯಾರ್ಕಿನ ಎರಡು ದೊಡ್ಡ ತಂಡಗಳು ಗಂಟುಮೂಟೆ ಕಟ್ಟಿಕೊಂಡು ದೇಶದ ಆ ತುದಿಯ ಕ್ಯಾಲಿಫೋರ್ನಿಯಾಕ್ಕೆ ಹೊರಟುಹೋದವು, ಹಿಂದೆ ಉಳಿದವರು ಗೊಳೋ ಎಂದು ಅತ್ತರು ಎಂದೆ. "ಆದರೂ ತಂಡದ ಹೆಸರು ಬಿಡಲಿಲ್ಲವಂತೆ. ನಾವು ಮದರಾಸಿಗೆ ಬಂದರೂ ಹೆಸರಿನ ಮೊದಲಿಗೆ ಊರಿನ ಅಕ್ಷರ ಇಟ್ಟುಕೊಂಡಿಲ್ಲವೇ?" ಮತ್ತೆ, ಬಣ್ಣ ಕಪ್ಪೆಂದು ಹೊರಗಿಟ್ಟಿದ್ದವರನ್ನು ತಂಡಗಳು ಒಂದೊಂದಾಗಿ ಒಳಗೆ ಕರೆದುಕೊಂಡವು, ದಶಕ ಮುಗಿಯುವ ಹೊತ್ತಿಗೆ ಬಾಗಿಲು ಮುಚ್ಚಿಕೊಂಡ ತಂಡವೇ ಇರಲಿಲ್ಲ ಎಂದೆ. ಇದನ್ನು ವಾಸು ಹೇಳಿದ ದಿನ ನಾನು ಹೂಂ ಅಂದಿರಲಿಲ್ಲ. ಮೊರ ಕೆಳಗಿಟ್ಟು ಕೇಳಿದ್ದೆ.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಚಪ್ಪಾಳೆಯ ಆಸೆ. "ಇನ್ನೊಂದು ಅನುಕೂಲವಿದೆ ಅಲ್ಲಿ," ಎಂದೆ. "ಆಟ ನೋಡಿ ಬೇಜಾರಾದವರಿಗೆ ಪಿಚ್ಚರ್ ತೋರಿಸುತ್ತಾರೆ. ಪಿಚ್ಚರ್ ಚೆನ್ನಾಗಿಲ್ಲ ಅಂದರೆ ಮಧ್ಯದಲ್ಲೇ ಬೇರೆ ಪಿಚ್ಚರ್ ಹಾಕುತ್ತಾರೆ. ನಮ್ಮ ಟಾಕೀಸಿನವರಿಗೂ ದೇವರು ಈ ಬುದ್ಧಿ ಕೊಡಲಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಅಷ್ಟು ಹೊತ್ತು ಬೆವರು ಒರೆಸುತ್ತ ಕೂತಿದ್ದ ದೊರೆಗೆ ಆ ಭಾಷಣದಲ್ಲಿ ಗುರುತು ಸಿಕ್ಕಿದ್ದು ಅದೊಂದೇ ಮಾತು. "ಪಿಚ್ಚರ್! ಯೆಸ್, ಯೆಸ್!" ಎಂದು ಎದ್ದು ನಿಂತು ಚಪ್ಪಾಳೆ ತಟ್ಟಿದ. ಹೊರಡುವಾಗ ವಾಸುವಿನ ಬೆನ್ನು ತಟ್ಟಿ ಇಂಗ್ಲಿಷಿನಲ್ಲಿ ಏನೋ ಹೊಗಳಿದ. ತಲೆಯೆತ್ತಿ ಖಾಲಿ ಚಾವಣಿಯನ್ನು ನೋಡಿ, ಫ್ಯಾನ್ ಕಳಿಸುತ್ತೇನೆ ಎಂದೂ ಅಂದನಂತೆ.

ಬಸ್ಸಿನಲ್ಲಿ ವಾಸು ನನ್ನ ಪಕ್ಕ ಕೂತ. ಉಳಿದಿದ್ದ ಕೊನೆಯ ಚೂರು ದನಿಯನ್ನು ಖರ್ಚು ಮಾಡಿ ಹೇಳಿದ: "ಅಕ್ಕಾ, ಪಿಚ್ಚರ್ ಅಂದ್ರೆ ಸಿನಿಮಾ ಅಲ್ಲ ಕಣೇ. ಚೆಂಡು ಎಸೆಯೋ ಆಸಾಮಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವತ್ತು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಇಷ್ಟು ವರ್ಷ ನೀನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಾನು ಕೇಳಿಯೇ ಇಲ್ಲ, ನಿನ್ನಂಥ ತಮ್ಮನಿಗೆ ಬರೀ ಹೂಂ ಅಂದು ಮೋಸ ಮಾಡಿದೆ, ನನ್ನ ಓದು ನಿಂತದ್ದೂ ನಿನ್ನಿಂದಲ್ಲ, ಭಾಗಾಕಾರದಿಂದ ಎಂದು ಹೇಳಿದೆ. ಕ್ಷಮಿಸ್ತೀಯೇನೋ ಎಂದೆ.

ಅವನು ಕಿಟಕಿಯಾಚೆ ನೋಡುತ್ತಿದ್ದ. ಮುಖದಲ್ಲಿ ಎಲ್ಲೋ ಫ್ಯಾನ್ ತಿರುಗುತ್ತಿದ್ದ ಹಾಗಿತ್ತು.

"ಹೂಂ," ಎಂದ.

"ನಾನು ಹೇಳಿದ್ದು ಕೇಳಿಸಿತೇನೋ?"

"ಹೂಂ."

"ಹಾಗಾದ್ರೆ ಏನಂದೆ ಹೇಳು ನೋಡೋಣ?"

"ಹೂಂ."