ಸೊಳ್ಳೆ ಕಚ್ಚದ ಬರಿಗೈ

ಬುರು ದ್ವೀಪದ ಕಾಯು ಪುತಿಹ್ ಎಣ್ಣೆಗೆ ಯಾವ ಗುಣವೂ ಇಲ್ಲವೆಂದು ನಾಮ್ಲೆಯಾ ಪಟ್ಟಣದ ಸುಗಂಧತೈಲ ಗುಣನಿರ್ಣಯ ಕಚೇರಿಯು ಸೊಳ್ಳೆಗಳ ಸಮಕ್ಷಮದಲ್ಲಿ ತೀರ್ಮಾನಿಸಿತು.

ಎಣ್ಣೆ ಯಾಮಿನ್ ನುರ್ಲಾತುವಿನದು. ಗುಡ್ಡದ ಕಾಯು ಪುತಿಹ್ ಎಂಬ ಬಿಳಿತೊಗಟೆ ಮರದ ಎಲೆ ತರಿದು, ಹಂಡೆಗೆ ತುಳಿದು ತುಂಬಿ, ಆವಿ ಹಿಡಿದು ಎಣ್ಣೆ ಇಳಿಸುವುದರಲ್ಲಿ ಅವನನ್ನು ಮೀರಿಸುವ ಗಂಡಸು ಕಾಯೆಲಿ ಕೊಲ್ಲಿಯ ಸುತ್ತಮುತ್ತ ಹುಟ್ಟಿಲ್ಲ. ಹುಟ್ಟಿದ್ದರೆ ಯಾಮಿನ್‌ಗೆ ಗೊತ್ತಾಗದೆ ಇರುತ್ತಿರಲಿಲ್ಲ. ಆದರೆ ಕಚೇರಿಯ ಮುದ್ರೆಯಿಲ್ಲದ ಎಣ್ಣೆ ಹಡಗು ಹತ್ತುವಂತಿಲ್ಲ ಎಂಬ ಹೊಸ ನಿಯಮ ಬಂದಿತ್ತು. ಮುದ್ರೆ ಬೀಳದಿದ್ದರೆ ಅವನ ಭಟ್ಟಿಯ ಒಲೆ ಆರಿದಂತೆಯೇ.

ರಸಾಯನ ಪರೀಕ್ಷೆ ಸುಸೂತ್ರವಾಗಿ ಮುಗಿಯಿತು. ಸಿನಿಯೋಲ್ ತುಂಬಿ ತುಳುಕುತ್ತಿದೆ, ಟರ್ಪಿನಿಯೋಲ್ ಬೇಕಾದಷ್ಟಿದೆ, ಲಿಮೊನೀನ್ ಕೂಡ ಹಾಜರಿದೆ ಎಂದು ಯಂತ್ರವೇ ಹೇಳಿತು.

"ಮತ್ತೇನು, ಒತ್ತಿ ಮುದ್ರೆ," ಎಂದ ಯಾಮಿನ್.

"ಒಳಗೇನಿದೆ ಅಂತ ಗೊತ್ತಾಯ್ತಪ್ಪ. ಅದು ಏನು ಮಾಡುತ್ತೆ ಅಂತ ಗೊತ್ತಾಗ್ಬೇಕಲ್ಲ," ಎಂದರು ಮುಖ್ಯಾಧಿಕಾರಿ ರುಸ್ದಿಯಾಂತೊ ಸಾಹೇಬರು, ಮೂಗಿನ ಕೆಳಗೆ ಅದೇ ಎಣ್ಣೆ ಸವರಿಕೊಳ್ಳುತ್ತ.

"ಈಗ ಹಚ್ಕೊಂಡ್ರಲ್ಲ ಸಾಹೇಬ್ರೆ, ಅದ್ಯಾಕೆ?"

"ನೆಗಡಿ. ಅದು ನನ್ನ ಖಾಸಗಿ ವಿಷಯ."

ನಿಯಮದ ಪ್ರಕಾರ ಒಂದು ಕೈಗೆ ಎಣ್ಣೆ ಹಚ್ಚಿ, ಇನ್ನೊಂದನ್ನು ಬರಿದಾಗಿ ಬಿಟ್ಟು, ಎರಡನ್ನೂ ಹಸಿದ ಸೊಳ್ಳೆಗಳ ಪೆಟ್ಟಿಗೆಯೊಳಗೆ ಇಡಬೇಕು. ಗುಮಾಸ್ತ ಇಟ್ಟ. ಸೊಳ್ಳೆಗಳು ಎಣ್ಣೆಗೈಯಿಂದ ದೂರ ಕೂತವು. ಬರಿಗೈಯಿಂದಲೂ ದೂರವೇ ಕೂತವು. ಸ್ನಾನವಾದ ಮೇಲೆ, ಹೊಟ್ಟೆ ನೊಂದಾಗ, ಮದುವೆಗೆ ಹೊರಟಾಗ, ಹೀಗೆ ಹುಟ್ಟಿದಂದಿನಿಂದ ಎಣ್ಣೆ ಕುಡಿದ ಚರ್ಮ ಅದು. ಕಚೇರಿಯವರೆಲ್ಲ ಸರದಿಯಲ್ಲಿ ಕೈಯಿಟ್ಟರು. ಸೊಳ್ಳೆಗಳು ಉಪವಾಸ ಬಿದ್ದು ಸತ್ತವು.

"ಎರಡು ಕೈಗೂ ವ್ಯತ್ಯಾಸವಿಲ್ಲ. ಆದ್ದರಿಂದ ಎಣ್ಣೆಗೆ ಗುಣವಿಲ್ಲ," ಎಂದು ಸಾಹೇಬರು ಬರೆಸಿದರು.

"ಸೊಳ್ಳೆ ಸತ್ತು ಬಿದ್ದಾವಲ್ರೀ!"

"ಸತ್ತಿದ್ದು ಹಸಿವಿನಿಂದ. ಅದು ಬೇರೆ ಇಲಾಖೆ."

ಆದರೂ ನ್ಯಾಯ ಬಿಡಬಾರದೆಂದು ಕಚೇರಿ ಒಂದು ಪ್ರಕಟಣೆ ಹೊರಡಿಸಿತು: 'ಎಣ್ಣೆ ಹಚ್ಚದ ಮನುಷ್ಯ ಬೇಕಾಗಿದ್ದಾನೆ. ವಿದ್ಯಾರ್ಹತೆ ಬೇಡ, ವಾಸನೆಯೂ ಬೇಡ.' ದ್ವೀಪದಲ್ಲಿ ಅಂಥ ಮನುಷ್ಯ ಸಿಗಲಿಲ್ಲ. ಜಕಾರ್ತದಿಂದ ಒಬ್ಬ ತಜ್ಞನನ್ನು ಕರೆಸಿದರು. ಹಡಗಿನಲ್ಲಿ ಅವನು ವಾಂತಿ ಮಾಡಿಕೊಂಡಾಗ ಪಕ್ಕದ ಅಜ್ಜಿಯೊಬ್ಬಳು ಕೇಳದೆಯೇ ಕೊರಳಿಂದ ಹೊಕ್ಕುಳವರೆಗೆ ಅದೇ ಎಣ್ಣೆ ತಿಕ್ಕಿಬಿಟ್ಟಿದ್ದಳು. ಅವನನ್ನು ಅದೇ ಹಡಗಿನಲ್ಲಿ ವಾಪಸು ಕಳಿಸಲಾಯಿತು.

"ನನ್ನ ಎಣ್ಣೆಗೆ ನಾನೇ ಕೈ ಕೊಡ್ತೀನಿ," ಎಂದು ಯಾಮಿನ್ ಎದೆ ಸೆಟೆಸಿದ. ಭಟ್ಟಿ ಬಿಟ್ಟು, ಎಣ್ಣೆ ಬಿಟ್ಟು, ಕಚೇರಿಯ ಹಿಂದಿನ ಜೌಗಿನಲ್ಲಿ ಗುಡಿಸಲು ಹಾಕಿಕೊಂಡ.

"ಮೈಯೊಳಗೆ ಗಾಳಿ ಹೊಕ್ಕೀತೋ! ಹೊಟ್ಟೆಗಾದ್ರೂ ಒಂಚೂರು ಹಚ್ತೀನಿ ಬಾರೋ," ಎಂದು ಅವ್ವ ಬೇಲಿಯಾಚೆ ಗೋಳಾಡಿದಳು.

"ಬರಬೇಡವ್ವಾ, ನಿನ್ನ ನೆರಳಿಗೂ ಎಣ್ಣೆ ವಾಸನೆ!"

ಅವನ ಮೈಯ ವಾಸನೆ ಹೋದ ಮೇಲೆ ಪರೀಕ್ಷೆ ನಡೆಯಿತು. ಬರಿಗೈ ಹಲಸಿನ ಹಣ್ಣಿನ ಸಿಪ್ಪೆಯಂತೆ ದದ್ದೆದ್ದಿತು, ಎಣ್ಣೆಗೈ ನುಣ್ಣಗೆ ಉಳಿಯಿತು. ಮುದ್ರೆ ಬಿತ್ತು. ಯಾಮಿನ್ ಕೈ ಕೆರೆದುಕೊಳ್ಳುತ್ತ ಭಟ್ಟಿಯ ಕಡೆ ಓಡುವುದರಲ್ಲಿದ್ದ.

"ಎಲ್ಲಿಗೆ?" ಎಂದರು ಸಾಹೇಬರು. "ಪ್ರತಿ ಹಂಡೆ ಎಣ್ಣೆಗೂ ಪರೀಕ್ಷೆ ಆಗ್ಬೇಕು. ದ್ವೀಪದಲ್ಲಿರೋದು ಒಂದೇ ಬರಿಗೈ."

"ಮತ್ತೆ ನನ್ನ ಭಟ್ಟಿ?"

"ಒಲೆ ಆರಬಾರದು ತಾನೆ? ನನ್ನ ಭಾಮೈದ ಉರಿಸ್ತಾನೆ."

ಯಾಮಿನ್ ನೇಮಕದ ಆದೇಶದಲ್ಲಿ 'ದ್ವೀಪದ ಅಧಿಕೃತ ಬರಿಗೈ' ಎಂದು ದಪ್ಪಕ್ಷರದಲ್ಲಿ ಬರೆಸಲೇಬೇಕೆಂದು ಹಟ ಹಿಡಿದ. ಬರೆಸಿದರು.

"ನನ್ನಷ್ಟು ಚೆಂದ ಕಚ್ಚಿಸ್ಕೊಳ್ಳೋ ಇನ್ನೊಬ್ಬ ಗಂಡಸನ್ನ ತೋರ್ಸಿ ನೋಡೋಣ!" ಎಂದು ಈಗವನು ಮುದ್ರೆಗೆ ಎಣ್ಣೆ ತಂದ ಭಟ್ಟಿಯವರ ಮುಂದೆ ತೋಳೇರಿಸುತ್ತಾನೆ. ತೋರಿಸುವವರು ಇಲ್ಲ. ಅವ್ವ ಮೀನಿನ ಸಾರಿನ ಪಾತ್ರೆಯನ್ನು ಬೇಲಿಯ ಹೊರಗಿಟ್ಟು, ಅವನ ಹತ್ತಿರ ಸುಳಿಯುವವರನ್ನು ಗದರುತ್ತಾಳೆ:

"ದೂರ ನಿಂತ್ಕೊಳ್ರೋ, ಅದು ಸರ್ಕಾರಿ ಕೈ!"